ಖಾಲಿ ಎಂದು ಎಣಿಸು

ನನ್ನ ಎಡ ಮುಂಗೈ ಮೇಲೆ ಒಂದು ಮಚ್ಚೆ ಇತ್ತು. ಎಳ್ಳಿಗಿಂತ ದೊಡ್ಡದು, ತೊಗರಿಕಾಳಿಗಿಂತ ಸಣ್ಣದು. ಶಾಲೆಯ ವರ್ಗಾವಣೆ ಪತ್ರದಲ್ಲಿ ಗುರುತಿನ ಚಿಹ್ನೆ ಎಂಬ ಸಾಲಿನ ಮುಂದೆ ಹೆಡ್‌ಮಾಸ್ತರರು ಅದನ್ನೇ ಬರೆದಿದ್ದರು. ಚಿಕಿತ್ಸೆ ತೆಗೆದುಕೊಂಡ ಐದನೇ ತಿಂಗಳಿಗೆ ಅದು ಮಸುಕಾಯಿತು. ಎಂಟನೇ ತಿಂಗಳಿಗೆ ಇಲ್ಲವೇ ಇಲ್ಲ. ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತ ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಎಲ್ಲೈತ್ರಿ ಮೇಡಂ, ಕಾಣವಲ್ದಲ್ಲ?" ಎಂದಿದ್ದ.

ನನಗೆ ಅವತ್ತು ತುಂಬ ಸಂತೋಷವಾಗಿತ್ತು. ಮಚ್ಚೆ ಎಂದರೆ ದಾರಿ ತಪ್ಪಿ, ಸ್ವಲ್ಪ ದೂರ ಹೋಗಿ, ತಾನೇ ನಿಂತುಬಿಟ್ಟ ಜೀವಕೋಶಗಳ ಗುಂಪು. ಅದು ಅಳಿಸಿಹೋಗಿದೆ ಎಂದರೆ ನನ್ನ ರಕ್ತದಲ್ಲಿ ದಾರಿ ತಪ್ಪಿ, ನಿಲ್ಲದೆ ಹೋಗುತ್ತಿದ್ದವೂ ಅಳಿಸುತ್ತಿವೆ ಎಂದು ಅರ್ಥ. ಆಗ ನನಗೆ ಇಪ್ಪತ್ತೇಳು. ರಕ್ತದ ಕ್ಯಾನ್ಸರ್ ಎರಡನೇ ಸಲ ಮರಳಿ ಬಂದ ವರ್ಷ ಅದು.

ನಾನು ವೈದ್ಯಳಲ್ಲ, ಗಣಿತ ಓದಿದವಳು. ಕಳೆದುಹೋದ ಮಾಹಿತಿಯನ್ನು ಉಳಿದ ಮಾಹಿತಿಯಿಂದ ಮರಳಿ ಪಡೆಯುವ ಸಂಕೇತಗಳು ನನ್ನ ವಿಷಯ. ದೊಡ್ಡ ಗಣಕ ಕೇಂದ್ರಗಳಲ್ಲಿ ಸಾವಿರಾರು ಡಿಸ್ಕುಗಳಿರುತ್ತವೆ, ದಿನಕ್ಕೊಂದಾದರೂ ಕೆಡುತ್ತದೆ. ಕೆಟ್ಟುದರಲ್ಲಿ ಏನಿತ್ತು ಎಂದು ತಿಳಿಯಲು ಇಡೀ ಕೇಂದ್ರವನ್ನು ಓದುತ್ತ ಕೂರಲಾಗುವುದಿಲ್ಲ. ಹಾಗಾಗಿ ಪಕ್ಕದ ಐದಾರು ಡಿಸ್ಕುಗಳನ್ನು ಓದಿದರೆ ಸಾಕಾಗುವಂತೆ ಮೊದಲೇ ಲೆಕ್ಕ ಹೆಣೆದಿಟ್ಟಿರುತ್ತಾರೆ. ಅದೇ ಹೆಣಿಗೆಯನ್ನು ಮನುಷ್ಯನ ಮೈಯೊಳಗೆ ಹಾಕಿದರೆ ಏನಾದೀತು ಎಂದು ಕೇಳಿದವರು ಡಾ. ಸರೋಜಿನಿ ಹಂಚಿನಾಳ. ಧಾರವಾಡದ ಹೊರಗೆ, ಹಳಿಯಾಳ ರಸ್ತೆಯಲ್ಲಿ, ಅವರ ಸಂಶೋಧನಾಲಯ. ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಗಣಿತಕ್ಕಾಗಿ, ಉಳಿದದ್ದು ಜೀವಕ್ಕಾಗಿ.

ಚುಚ್ಚುಮದ್ದಿನಿಂದ ಮೈಗೆ ಸೇರುವ ಕಣಗಳು ಪ್ರತಿ ಜೀವಕೋಶದಲ್ಲೂ ಮನೆ ಮಾಡುತ್ತವೆ. ಪ್ರತಿ ಕಣವೂ ತನ್ನ ಕೋಶದ ಡಿಎನ್‌ಎ ಅಕ್ಷರಗಳ ಜೊತೆಗೆ ಪಕ್ಕದ ಆರು ಕೋಶಗಳ ಅಕ್ಷರಗಳ ಸಣ್ಣದೊಂದು ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಒಂದು ಕೋಶದಲ್ಲಿ ಅಕ್ಷರ ಹರಿದುಹೋದರೆ ನೆರೆಯ ಆರರನ್ನು ಕೇಳಿ ತುಂಬಿಕೊಳ್ಳುತ್ತದೆ. ಮೊದಲ ಎರಡು ಆವೃತ್ತಿಗಳು ಇಷ್ಟನ್ನೇ ಮಾಡುತ್ತಿದ್ದವು. ಖಾಲಿ ಜಾಗ ಎಲ್ಲಿದೆ ಎಂದು ಗೊತ್ತಿದ್ದರೆ ತುಂಬುವುದು ಕಷ್ಟವಲ್ಲ.

ಆದರೆ ಕ್ಯಾನ್ಸರ್ ಖಾಲಿ ಜಾಗವಲ್ಲ. ಅಲ್ಲಿ ಅಕ್ಷರ ಇರುತ್ತದೆ, ಸ್ಪಷ್ಟವಾಗಿ ಇರುತ್ತದೆ, ತಪ್ಪು ಅಕ್ಷರ ಇರುತ್ತದೆ. ಅದಕ್ಕಾಗಿ ಮೂರನೇ ಆವೃತ್ತಿಯಲ್ಲಿ ನಾನು ಒಂದು ಸಾಲು ಸೇರಿಸಿದೆ: ನೆರೆಯ ಆರರ ಜೊತೆ ಹೊಂದದ ಅಕ್ಷರವನ್ನು ಖಾಲಿ ಎಂದು ಎಣಿಸು.

ಒಂದೇ ಸಾಲು. ಅದನ್ನು ಬರೆದ ದಿನ ಹಂಚಿನಾಳ ಮೇಡಂ ಎಲ್ಲರಿಗೂ ಪೇಢೆ ತರಿಸಿದ್ದರು. ಆ ಸಾಲಿನಿಂದಲೇ ಇನ್ನೂರ ಹನ್ನೆರಡು ಜನ ರೋಗಿಗಳು ಎದ್ದು ಓಡಾಡತೊಡಗಿದರು. ಅವರಲ್ಲಿ ನಾನು ಮೂವತ್ತೊಂದನೆಯವಳು.

ಎಲ್ಲ ಹೆಣ್ಣುಮಕ್ಕಳಿಂದಲೂ ಒಪ್ಪಿಗೆ ಪತ್ರ ಬರೆಸಿಕೊಂಡಿದ್ದೆವು, ಹತ್ತು ವರ್ಷ ಗರ್ಭ ಧರಿಸಬಾರದು ಎಂದು. ಗರ್ಭಿಣಿಯರ ಮೇಲೆ ಹೊಸ ಮದ್ದಿನ ಪರೀಕ್ಷೆ ನಡೆಸಬಾರದೆಂಬ ನಿಯಮವನ್ನು ನಾವು ನಿಷ್ಠೆಯಿಂದ ಪಾಲಿಸಿದವರು. ಯಾರಾದರೂ ಬಸಿರಾದರೆ ಅದೇ ದಿನ ಅವರ ಸಾಲನ್ನು ಪಟ್ಟಿಯಿಂದ ತೆಗೆದು, ಅಂಕಿಅಂಶ ಕಲುಷಿತವಾಗದಂತೆ ನೋಡಿಕೊಳ್ಳುತ್ತಿದ್ದೆವು.

ಮದುವೆಯಾದ ನಾಲ್ಕನೇ ವರ್ಷ, ಎಷ್ಟು ಎಚ್ಚರವಾಗಿದ್ದರೂ, ನಾನು ಬಸಿರಾದೆ. ಹೇಳಿದರೆ ನನ್ನ ಸಾಲೂ ಹೋಗುತ್ತದೆ ಎಂದು ಹೆದರಿ ಹನ್ನೆರಡು ವಾರ ಸಂಸ್ಥೆಯಲ್ಲಿ ಬಾಯಿ ಬಿಡಲಿಲ್ಲ. ಮನೆಯಲ್ಲಿ ಮುಚ್ಚಿಡಲಾಗಲಿಲ್ಲ.

*

ಅತ್ತೆ ನೀಲವ್ವ ರೊಟ್ಟಿಯ ಹಿಟ್ಟು ನಾದುತ್ತಿದ್ದರು. ನಾನು ಪಕ್ಕದಲ್ಲಿ ಸೊಪ್ಪು ಸೋಸುತ್ತ ಕುಳಿತಿದ್ದೆ.

"ಗಂಡೋ ಹೆಣ್ಣೋ ಆಮ್ಯಾಲ. ಮೊದಲ ಕಿವಿ ನೋಡಬೇಕು," ಎಂದರು.

ಗಂಡನ ಮನೆಯವರಿಗೆ ಎಡಗಿವಿಯ ಮುಂದೆ, ಕೆನ್ನೆ ಮುಗಿಯುವಲ್ಲಿ, ಸೂಜಿ ಚುಚ್ಚಿದಷ್ಟು ಸಣ್ಣ ತೂತು. ನನ್ನ ಗಂಡ ಗುರುಸಿದ್ಧನಿಗಿದೆ, ತೀರಿಹೋದ ಮಾವನಿಗಿತ್ತು, ಇಬ್ಬರು ನಾದಿನಿಯರಿಗೂ ಅವರ ಮಕ್ಕಳಿಗೂ ಇದೆ.

"ನಮ್ಮತ್ತಿ ನನ್ನ ಮೂರೂ ಬಾಣಂತನದಾಗ ಕೂಸಿನ ಮೈ ಒರಸೂದಕ್ಕಿಂತ ಮೊದಲ ಕಿಟಕಿ ಕಡೆ ಹಿಡಿದು ಕಿವಿ ನೋಡತಿದ್ಲು."

"ಸಂಶಯಕ್ಕೇನ್ರಿ ಅತ್ತಿ?"

"ಸಂಶಯ ಯಾಕ ಯವ್ವಾ? ನಾನೂ ಹೊರಗಿಂದ ಬಂದಾಕಿ, ನೀನೂ ಹೊರಗಿಂದ ಬಂದಾಕಿ. ಕೂಸರ ಈ ಮನೀದು ಅನ್ನಾಕ ಒಂದು ಗುರ್ತು ಬ್ಯಾಡೇನು?" ಹಿಟ್ಟಿಗೆ ನೀರು ಚಿಮುಕಿಸಿದರು. "ಅದಿರಲಿ, ನಿನ್ನ ಮದ್ದು ಕೂಸಿಗೆ ಏನೂ ಮಾಡೂದಿಲ್ಲಲಾ?"

ಇಲ್ಲ ಎಂದೆ. ಅತ್ತೆಗೆ ತಿಳಿಯುವಂತೆ ಹೇಳಬೇಕೆನಿಸಿತು. ಅವರು ಸೋಮವಾರದ ಭಜನಾ ಮೇಳದ ಮುಂದಾಳು. "ನಿಮ್ಮ ಮೇಳದಾಗ ಒಬ್ಬಾಕಿಗೆ ನಡುವ ಒಂದು ಸಾಲು ಮರತು ಹೋತು ಅನ್ರಿ. ಊರಿನ ಮಂದೀನೆಲ್ಲ ಕೇಳಬೇಕೇನು? ಬಾಜೂಕ ಕುಂತ ಆರು ಮಂದಿ ಹಾಡೂದು ಕೇಳಿ ಆಕೀನೂ ಹಾಡತಾಳ. ಅಷ್ಟ."

"ಮರತ್ರ ಸರಿ," ಎಂದರು ಅತ್ತೆ, ಕೈ ನಿಲ್ಲಿಸದೆ. "ಆಕಿ ಬ್ಯಾರೇ ಹಾಡನ ಹಾಡಾಕತ್ತಿದ್ರ?"

"ಅಂದ್ರ?"

"ಆಕಿ ಏನೂ ಮರತಿಲ್ಲ. ಆಕಿ ಹಾಡು ಆಕಿಗೆ ಸರೀನ ಐತಿ. ಆದ್ರ ಸುತ್ತ ಕುಂತ ಆರೂ ಮಂದಿ ನಮ್ಮ ಹಾಡು ಹಾಡಾಕತ್ತಾರ. ಆಗೇನು ಮಾಡತಾಳ?"

ನನ್ನ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಹಾಗೇ ಉಳಿಯಿತು.

"ಏನು ಮಾಡತಾಳ, ಆಕೀನೂ ಆರು ಮಂದಿ ಕೂಡ ಹಾಡತಾಳ," ಎಂದು ತಾವೇ ಉತ್ತರ ಹೇಳಿಕೊಂಡು ನಕ್ಕರು ಅತ್ತೆ. "ಸಾಕಾಗಿ."

ನಾನು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತೆ. ಒಳಗಿರುವ ಕೂಸಿನ ಅರ್ಧ ಅಕ್ಷರಗಳು ನನ್ನವು. ಇನ್ನರ್ಧ ನನ್ನವಲ್ಲ. ನನ್ನ ನೆರೆಯ ಯಾವ ಆರರ ಜೊತೆಗೂ ಅವು ಹೊಂದುವುದಿಲ್ಲ.

*

ಸಂಶೋಧನಾಲಯದಲ್ಲಿ ರಕ್ತದ ಲೆಕ್ಕ ನೋಡುವವನು ಅಶ್ಫಾಕ್. ಆರು ವರ್ಷದಿಂದ ಪ್ರತಿ ತಿಂಗಳು ನನ್ನ ರಕ್ತ ತೆಗೆಯುತ್ತಿದ್ದವನು. ಬಸಿರಿನ ವಿಷಯ ನಾನು ಮೊದಲು ಹೇಳಿದ್ದು ಅವನಿಗೆ. ತಾಯಿಯ ರಕ್ತದಲ್ಲಿ ಕೂಸಿನ ಡಿಎನ್‌ಎ ಚೂರುಗಳೂ ತೇಲುತ್ತಿರುತ್ತವೆ. ಗುರುಸಿದ್ಧನ ಎಂಜಲಿನ ಮಾದರಿಯಿಂದ ಅವನಲ್ಲಿದ್ದು ನನ್ನಲ್ಲಿಲ್ಲದ, ಕೂಸಿಗೆ ಬಂದೇ ಬಂದಿರಬೇಕಾದ ಇನ್ನೂರು ಗುರುತುಗಳನ್ನು ಆರಿಸಿಕೊಂಡೆವು. ಆ ಇನ್ನೂರೂ ನನ್ನ ರಕ್ತದ ಚೂರುಗಳಲ್ಲಿ ಸಿಗಬೇಕು.

ಹದಿಮೂರನೇ ವಾರ ನೂರ ತೊಂಬತ್ತೊಂದು ಸಿಕ್ಕವು.

"ಒಂಬತ್ತು ಏನ ದೊಡ್ಡದಲ್ಲಕ್ಕಾ. ಯಂತ್ರ ಹಳೇದಾಗೈತಿ, ನನ್ನಂಗ," ಎಂದ ಅಶ್ಫಾಕ್.

ಹದಿನಾಲ್ಕನೇ ವಾರ ನೂರ ಎಂಬತ್ತನಾಲ್ಕು. ಅವನು ನಗೆಮಾತು ಆಡಲಿಲ್ಲ. ಯಂತ್ರ ತೊಳೆದು ಮತ್ತೊಮ್ಮೆ ಓಡಿಸಿದ. ನೂರ ಎಂಬತ್ತನಾಲ್ಕು.

ಹೇಗೆ ನಡೆಯುತ್ತಿದೆ ಎಂದು ನನಗೆ ಕಣ್ಣಿಗೆ ಕಟ್ಟಿದಂತೆ ತೋರುತ್ತಿತ್ತು. ತಾಯಿ-ಕೂಸಿನ ನಡುವೆ ಮಾಸು ಗೋಡೆಯಂತೆ ಇರುತ್ತದೆ, ಕಣಗಳು ಅದನ್ನು ದಾಟುವುದಿಲ್ಲ ಎಂದು ನಾವು ಬರೆದಿದ್ದೆವು. ದಾಟಿವೆ. ಗೋಡೆಯಂಚಿನ ಕೂಸಿನ ಕೋಶವೊಂದರ ಸುತ್ತ ನನ್ನ ಕೋಶಗಳು. ಅದರ ಅಕ್ಷರ ಹೊಂದುವುದಿಲ್ಲ, ಖಾಲಿ ಎಂದು ಎಣಿಸಿ ನನ್ನದನ್ನು ತುಂಬುತ್ತವೆ. ಈಗ ಅದು ನನ್ನದಾಯಿತು. ಮುಂದಿನ ಕೋಶವನ್ನು ತಿದ್ದುವ ಆರರಲ್ಲಿ ಅದೂ ಒಂದು. ಹೀಗೆ ಅಂಚಿನಿಂದ ಒಳಕ್ಕೆ.

ಪಟ್ಟಿಯಿಂದ ತೆಗೆದ ಸಾಲುಗಳು ಐದು. ಹೆಸರುಗಳನ್ನು ನಾವು ಉಳಿಸಿಕೊಂಡಿರಲಿಲ್ಲ, ಆದರೆ ರಕ್ತ ಕೊಡಲು ಒಟ್ಟಿಗೆ ಬೆಂಚಿನ ಮೇಲೆ ಕುಳಿತಿರುತ್ತಿದ್ದ ಹೆಣ್ಣುಮಕ್ಕಳಿಗೆ ಒಬ್ಬರ ಊರು ಒಬ್ಬರಿಗೆ ಗೊತ್ತಿತ್ತು. ಅವರನ್ನು ಇವರನ್ನು ಕೇಳಿ ಎರಡು ದಿನದಲ್ಲಿ ಐವರ ಫೋನ್ ನಂಬರೂ ಹುಡುಕಿದೆ. ನಾಲ್ವರು ಮಾತಾಡಿದರು. ನಾಲ್ವರಿಗೂ ಐದನೇ ತಿಂಗಳ ಹೊತ್ತಿಗೆ ಗರ್ಭ ಹೋಗಿತ್ತು. ಐದನೆಯವಳ ಅಣ್ಣ ಫೋನ್ ಎತ್ತಿ, ಆಕೆ ಆ ವಿಷಯ ಮಾತಾಡುವುದಿಲ್ಲ ಎಂದ.

ಅವರಲ್ಲಿ ರೋಣದ ಹೆಣ್ಣುಮಗಳೊಬ್ಬಳು ಹೇಳಿದಳು: "ಮಾಸು ಬೆಳೆದಿಲ್ಲ ಅಂದ್ರು ಡಾಕ್ಟರು. ನೀವು ಕೇಳತೀರಿ ಅಂತ ಹೇಳತೀನ್ರಿ ಅಕ್ಕಾರ. ನಮ್ಮವ್ವ ಅದನ್ನ ಅರಿವ್ಯಾಗ ಸುತ್ತಾಕ ತಗೊಂಡಾಕಿ ನಿಂತಬಿಟ್ಲು. ನೀ ಹುಟ್ಟಿದಾಗ ಹಿಂಗ ಇದ್ದಿ, ಮಾರಿ ಹಂಗ ಐತಲ್ಲ ಅಂದ್ಲು."

ಅವಳು ಫೋನ್ ಇಟ್ಟ ಮೇಲೂ ನಾನು ನನ್ನದನ್ನು ಕಿವಿಗೆ ಹಿಡಿದುಕೊಂಡೇ ಇದ್ದೆ.

*

ಗುರುಸಿದ್ಧ ಪಶುವೈದ್ಯ. ಅವನಿಗೆ ಸುತ್ತಿ ಬಳಸಿ ಹೇಳುವ ಅಗತ್ಯವಿರಲಿಲ್ಲ. ದನದ ದವಾಖಾನೆಯಿಂದ ಬಂದವನು ಅಂಗಳದ ನಲ್ಲಿಯಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ. ನೀರು ಹರಿಯುತ್ತಲೇ ಇತ್ತು.

"ಕರುವಿನಾಗ ಆಕಳ ಭಾಗ ಎಷ್ಟರ ಇರಲಿ, ಹೋರಿ ಭಾಗ ಇಲ್ದ ಮಾಸು ಬೆಳ್ಯಂಗಿಲ್ಲ," ಎಂದ ಕೊನೆಗೆ. "ಕೆಲವು ಕೆಲಸ ತಂದಿ ಕಡಿಂದ ಬಂದಿದ್ದ ಮಾಡಬೇಕು. ತಾಯಿದನ್ನ ಎರಡು ಸಲ ಇಟ್ರೂ ನಡ್ಯಂಗಿಲ್ಲ. ಪ್ರಯೋಗ ಮಾಡಿ ನೋಡ್ಯಾರ. ಒಂದೂ ಬದುಕಿಲ್ಲ."

"ಗೊತ್ತೈತ್ರಿ."

"ನಿಲ್ಲಸಾಕ ಬರತೈತೇನು?"

"ಬರತೈತಿ. ಎರಡನೇ ಆವೃತ್ತಿ ತಗೊಂಡ್ರ ಹೊಸ ಕಣ ಬಂದು ಹಳೇ ನಿಯಮ ಅಳಸತಾವ. ಆಮ್ಯಾಲ ಖಾಲಿ ಇದ್ದದ್ದು ಮಾತ್ರ ತುಂಬತಾವ, ಹೊಂದದ್ದನ್ನ ಮುಟ್ಟೂದಿಲ್ಲ."

ಅವನು ನಲ್ಲಿ ನಿಲ್ಲಿಸಿದ. ಮುಖದ ಮೇಲೆ ಒಂದು ಕ್ಷಣ ಬೆಳಕು ಬಂದು, ಅರ್ಥವಾಗುತ್ತಿದ್ದಂತೆ ಹೋಯಿತು.

"ಹಂಗಾರ ನಿನ್ನ ರಕ್ತದಾಗಿಂದನ್ನೂ ಮುಟ್ಟೂದಿಲ್ಲ."

"ಮುಟ್ಟೂದಿಲ್ಲ."

"ವಿನುತಾ," ಎಂದ. ಒದ್ದೆ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದ. ಬೇಡ ಎಂದರೂ ಬೇಕು ಎಂದರೂ ಅವನು ಒಂದು ಜೀವಕ್ಕೆ ಬೇಡ ಅಂದಂತೆ. ಅವನಿಂದ ಮಾತು ಬರದೇ ಇದ್ದುದಕ್ಕೆ ನಾನು ಅವನನ್ನು ಯಾವತ್ತೂ ತಪ್ಪು ತಿಳಿದಿಲ್ಲ.

ಆ ವಾರವೆಲ್ಲ ನಾನು ನನ್ನ ಮೈಗೇ ಹೆದರಿದೆ. ಊಟ ಮಾಡಿದರೆ ಅದಕ್ಕೆ ಬಲ ಬರುತ್ತದೆ, ಇನ್ನೂ ಚುರುಕಾಗಿ ತಿದ್ದುತ್ತದೆ ಅನಿಸುತ್ತಿತ್ತು. ಉಂಡರೆ ತಾನೇ ಕೂಸಿಗೂ ಬಲ ಎಂದು ಮತ್ತೆ ಉಣ್ಣುತ್ತಿದ್ದೆ. ಕನ್ನಡಿಯ ಮುಂದೆ ನಿಂತರೆ ನನ್ನ ಮುಖವೇ, ಒಳಗೆ ಇನ್ನೊಂದು ನನ್ನ ಮುಖ ಮಾಡಿಕೊಳ್ಳುತ್ತಿರುವ ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು.

ಹದಿನೈದನೇ ವಾರ ನೂರ ಎಪ್ಪತ್ತಮೂರು.

*

ಹಂಚಿನಾಳ ಮೇಡಂ ಅಂಕಿಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಐದು ಮಂದಿ," ಎಂದರು. "ಐದೂ ಸಾಲು ನಾನ ಸಹಿ ಮಾಡಿ ತೆಗಸೀನಿ. ಸ್ವಚ್ಛ ಇರಬೇಕು ಅಂತ."

ಮೇಡಂ ನನ್ನ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಿನ್ನ ಅಸ್ಥಿಮಜ್ಜೆ ಲೆಕ್ಕ ಹೇಳಲಾ? ಪ್ರತಿ ಹತ್ತು ಸಾವಿರಕ್ಕ ಮೂರು ಕೋಶ ಇವತ್ತಿಗೂ ದಾರಿ ತಪ್ಪತಾವ. ಮೂರನೇ ಆವೃತ್ತಿ ದಿನಾ ಅವನ್ನ ಹಿಡದು ತಂದು ಕೂರಸತೈತಿ. ಅದು ನಿಂತ್ರ ವರ್ಷ ಇರ್ತೀಯೋ, ಹತ್ತು ವರ್ಷ ಇರ್ತೀಯೋ ನನಗ ಗೊತ್ತಿಲ್ಲ. ಹೆರಿಗಿ ಆದಮ್ಯಾಲ ಮತ್ತ ಮೂರನೇದು ಕೊಡೂಣು ಅಂದ್ರ, ಎರಡನೇದರ ಮ್ಯಾಲ ಮೂರನೇದು ಇಲ್ಲೀವರೆಗೂ ಒಬ್ಬರಿಗೂ ಹತ್ತಿಲ್ಲ."

"ಗೊತ್ತೈತ್ರಿ ಮೇಡಂ."

"ಇನ್ನೂ ಹದಿನೈದನೇ ವಾರ ಅಷ್ಟ. ಗರ್ಭ ತೆಗಸಾಕ ಕಾನೂನಿನಾಗ ಅವಕಾಶ ಐತಿ. ನಿನ್ನ ಡಾಕ್ಟರಾಗಿ ನಾನು ಅದನ್ನ ಹೇಳಬೇಕು, ಹೇಳಿದೆ."

"ನಾಲ್ಕು ಹೆಣ್ಣುಮಕ್ಕಳ ಕೂಡ ಮಾತಾಡಿದೆ ಮೇಡಂ. ಅವರಿಗೆ ಹಿಂಗ ಕೇಳಾಕ ಯಾರೂ ಇರಲಿಲ್ಲ. ಏನು ನಡದೈತಿ ಅಂತನ ಗೊತ್ತಿರಲಿಲ್ಲ." ಅಂಕಿಗಳ ಹಾಳೆಯನ್ನು ಅವರ ಕಡೆ ತಿರುಗಿಸಿದೆ. "ಅದು ತಪ್ಪು ಅಕ್ಷರ ಅಲ್ರಿ. ನಮ್ಮದಲ್ಲ, ಅಷ್ಟ. ಎರಡೂ ಒಂದ ಅಂತ ಬರದಾಕಿ ನಾನು."

ಮೇಡಂ ಮತ್ತೆ ಕನ್ನಡಕ ಹಾಕಿಕೊಂಡರು. ಆಮೇಲೆ ಶೀತಕದ ಕೋಣೆಯ ರಿಜಿಸ್ಟರ್ ತರಿಸಿ ನನ್ನ ಮುಂದಿಟ್ಟರು.

"ಬರದಾಕಿ ನೀನ ಆದ್ರ, ಆ ಸಾಲು ಅಳಸೂ ಸೀಸೆ ತೆಗಿಯೂದನ್ನೂ ನಿನ್ನ ಕೈಲೇ ಬರಿ. ಕೆಳಗ ನಾನು ಸಹಿ ಮಾಡತೀನಿ. ಮತ್ತ ಪಟ್ಟಿಗೆ ಅವರ ಐದೂ ಸಾಲು ವಾಪಸ್ ಸೇರಸು. ನಿಂದು ತೆಗೀಬ್ಯಾಡ, ಬಸರಿ ಅಂತ ಬರದಿಡು. ಇವತ್ತ ಪರೀಕ್ಷಾ ಸಮಿತಿಗೆ ಹೋಗಲಿ."

ಎರಡನೇ ಆವೃತ್ತಿಯ ಸೀಸೆಗಳು ಆರು ವರ್ಷದಿಂದ ಹಿಮಗಟ್ಟಿ ಕುಳಿತಿದ್ದವು. ಅಶ್ಫಾಕ್ ಒಂದನ್ನು ಅಂಗೈಯಲ್ಲಿ ಹಿಡಿದು ಕರಗಿಸಿದ. "ಸ್ವಲ್ಪ ಚುರ್ ಅಂತೈತಿ ಅಕ್ಕಾ," ಎಂದ. ಆರು ವರ್ಷದಲ್ಲಿ ಒಮ್ಮೆಯೂ ನನಗೆ ಆ ಮಾತು ಹೇಳಿರಲಿಲ್ಲ.

*

ಹಳೆಯ ನಿಯಮ ಪೂರ್ತಿ ಅಳಿಯಲು ಮೂರು ವಾರ ಬೇಕು. ಆ ಮೂರು ವಾರಗಳ ಬಗ್ಗೆ ಹೆಚ್ಚು ಬರೆಯಲಾರೆ. ಹದಿನಾರನೇ ವಾರ ನೂರ ಅರವತ್ತು. ಹದಿನೇಳನೇ ವಾರ ನೂರ ನಲವತ್ತೊಂಬತ್ತು. ಎಷ್ಟಕ್ಕೆ ಇಳಿದರೆ ಮಾಸು ಸೋಲುತ್ತದೆ ಎಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ, ಏಕೆಂದರೆ ಆ ಸಾಲುಗಳನ್ನು ನಾವು ತೆಗೆದುಹಾಕಿದ್ದೆವು.

ಹದಿನೆಂಟನೇ ವಾರ ನೂರ ನಲವತ್ತನಾಲ್ಕು. ಹತ್ತೊಂಬತ್ತನೇ ವಾರ ನೂರ ನಲವತ್ತಮೂರು. ಇಪ್ಪತ್ತನೇ ವಾರ ಅಶ್ಫಾಕ್ ಕಾರಿಡಾರಿನ ಆ ತುದಿಯಿಂದಲೇ ಕೈಯೆತ್ತಿ ಒಂದು, ನಾಲ್ಕು, ಮೂರು ಎಂದು ಬೆರಳು ತೋರಿಸಿದ. ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟೆ.

ಏಳನೇ ತಿಂಗಳಲ್ಲಿ ಅತ್ತೆ ಕುಬಸ ಮಾಡಿದರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಭಜನಾ ಮೇಳದ ಹೆಂಗಸರೆಲ್ಲ ಬಂದಿದ್ದರು. ಅವರೆಲ್ಲ ಒಂದೇ ದನಿಯಲ್ಲಿ ಹಾಡುತ್ತಿದ್ದಾಗ ನಾನು ಸೆರಗಿನ ಕೆಳಗೆ ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕುಳಿತಿದ್ದೆ.

"ಯಾಕ ವಿನುತಾ, ಥಂಡಿ ಆಗಾಕತ್ತೈತೇನು?" ಎಂದು ಒಬ್ಬಾಕೆ ಕೇಳಿದಳು.

"ಬಸರೀಗೆ ಕೂಸಿಂದ ಚಿಂತಿ. ನಿನಗೇನ ಗೊತ್ತು, ನೀ ನಾಲ್ಕು ಹಡದ್ರೂ ಒಮ್ಮೆನೂ ಚಿಂತಿ ಮಾಡಿದಾಕಿ ಅಲ್ಲ," ಎಂದರು ಅತ್ತೆ. ಎಲ್ಲರೂ ನಕ್ಕರು.

ಇನ್ನೂರರಲ್ಲಿ ಐವತ್ತೇಳು ಹೋಗಿವೆ ಎಂದು ಅತ್ತೆಗೆ ನಾನು ಹೇಳಿರಲಿಲ್ಲ. ಆ ಐವತ್ತೇಳು ಯಾವುವು, ಕಣ್ಣೋ ಮೂಗೋ ನಡೆಯುವ ರೀತಿಯೋ, ನನಗೂ ಗೊತ್ತಿರಲಿಲ್ಲ. ಅಷ್ಟು ಕಡೆ ಕೂಸು ಎರಡು ಸಲ ನಾನು, ಗುರುಸಿದ್ಧ ಅಲ್ಲಿ ಇಲ್ಲ.

ಮೂವತ್ತೇಳನೇ ವಾರ, ಮಧ್ಯಾಹ್ನ ಮೂರೂಕಾಲಿಗೆ, ಮಗಳು ಹುಟ್ಟಿದಳು. ಸಣ್ಣ ಕೂಸು, ದೊಡ್ಡ ಅಳು. ನರ್ಸ್ ಬೇಡವೆನ್ನುತ್ತಿದ್ದರೂ ಅತ್ತೆ ಅವಳನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದರು. ನಾನು ಮಂಚದ ಮೇಲಿಂದ ಅವರ ಬೆನ್ನನ್ನೇ ನೋಡುತ್ತಿದ್ದೆ. ಎಡಗಿವಿಯನ್ನು ಬೆಳಕಿಗೆ ತಿರುಗಿಸಿದರು. ಹೆಬ್ಬೆರಳಿನಿಂದ ಒರಸಿ ಮತ್ತೆ ನೋಡಿದರು.

"ಇಲ್ಲ," ಎಂದರು ಮೆಲ್ಲಗೆ.

ಗುರುಸಿದ್ಧ ನನ್ನ ಕೈ ಹಿಡಿದುಕೊಂಡ. ಅತ್ತೆ ಕೂಸನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದರು. ಎಷ್ಟೋ ಹೊತ್ತಾದಂತೆ ಅನಿಸಿತು.

"ಬಲಕ್ಕೈತಿ!" ಎಂದರು. "ನೋಡಿಲ್ಲಿ ಗುರು, ಬಲಗಿವಿಗೈತಿ! ನಮ್ಮ ಮನ್ಯಾಗ ಯಾರಿಗೂ ಬಲಕ್ಕಿಲ್ಲ. ಇರಲಿ ಬಿಡು, ದಾರಿ ತಪ್ಪಿದ್ರೂ ಮನಿ ಮುಟ್ಟೈತಲ್ಲ."

*

ಮಗಳಿಗೆ ಈಗ ಐದು ತಿಂಗಳು. ಮೂರನೇ ಆವೃತ್ತಿಯನ್ನು ಗರ್ಭ ಧರಿಸಬಲ್ಲ ಯಾರಿಗೂ ಕೊಡುತ್ತಿಲ್ಲ. ರೋಣದ ಹೆಣ್ಣುಮಗಳ ಸಾಲು ಪಟ್ಟಿಯಲ್ಲಿದೆ, ಅವಳ ಹೆಸರಿನ ಸಮೇತ. ಅದನ್ನು ನಾನೇ ಓದಿ ಹೇಳಿದಾಗ ಅವಳು ಫೋನಿನಲ್ಲಿ ಸುಮ್ಮನೆ ಅತ್ತಳು.

ಇವತ್ತು ಬೆಳಗ್ಗೆ ಹಜಾರದಲ್ಲಿ ಹಾಲೂಡಿಸುತ್ತಿದ್ದೆ. ಹಾಲು ಕುಡಿಯುವಾಗ ಮಗಳು ನನ್ನ ಎಡಗೈ ಹಿಡಿದುಕೊಂಡು ಒಂದೇ ಜಾಗವನ್ನು ಬೆರಳಿನಿಂದ ಸವರುತ್ತಾಳೆ. ಹೋದ ತಿಂಗಳಿಂದ ಅಲ್ಲೊಂದು ಕಂದು ಚುಕ್ಕೆ ಬಂದಿದೆ. ಹಳೆಯ ಜಾಗದಲ್ಲಲ್ಲ, ಎರಡು ಬೆರಳು ಮೇಲೆ. ಅತ್ತೆ ಬಗ್ಗಿ ನೋಡಿದರು.

"ಇದೇನ ಯವ್ವಾ, ಹೊಸಾದು?"

"ಮಚ್ಚೆ ಅತ್ತಿ."

"ಚೊಲೊ ಆತು. ನಿನಗೂ ಒಂದು ಗುರ್ತು ಬಂತು."

ನಾನು ನಕ್ಕೆ. ಅತ್ತೆ ಒಳಗೆ ಹೋದ ಮೇಲೆ, ಮಗಳ ಬೆರಳನ್ನು ಮೆಲ್ಲಗೆ ಸರಿಸಿ, ದಿಂಬಿನ ಕೆಳಗಿಟ್ಟಿರುವ ಅಳತೆಪಟ್ಟಿ ತೆಗೆದೆ. ಸೋಮವಾರ ಎರಡು ಮಿಲಿಮೀಟರ್ ಇತ್ತು. ಕಿಟಕಿಯ ಬೆಳಕಿಗೆ ಕೈ ತಿರುಗಿಸಿ, ಅದು ತಾನೇ ನಿಂತಿದೆಯೋ ಇಲ್ಲವೋ ಎಂದು ಮತ್ತೆ ಅಳೆದೆ.